ರಾಜ ಕೂತು ಕುಡಿದನೋ, ನಿಂತು ಕುಡಿದನೋ

ಬರಹವಿರುವ ಹಳೆಯ ಮಣ್ಣಿನ ಹಲಗೆಯೊಂದರ ಚೂರು, ಬೆಂಕಿಪೊಟ್ಟಣದಷ್ಟೇ. ನಾಲ್ಕೂ ಕಡೆ ಮುರಿದಿದೆ. ಉಳಿದಿರುವುದು ನಾಲ್ಕು ಸಾಲು, ಒಂದೂ ಪೂರ್ತಿ ಇಲ್ಲ. ನನ್ನ ಕೆಲಸದ ದಿನ ಹೆಚ್ಚಾಗಿ ಶುರುವಾಗುವುದು ಇಂಥದ್ದೊಂದರ ಫೋಟೋದಿಂದ. ಕನ್ನಡಕ್ಕೆ ತಂದರೆ ಸುಮಾರು ಹೀಗಿರುತ್ತದೆ. ಚೌಕ ಆವರಣದ ಒಳಗಿರುವುದು ಹಲಗೆಯಲ್ಲಿ ಇಲ್ಲ, ನಾನು ತುಂಬಿದ್ದು:

[ರಾಜ, ರಾ]ಣಿ [...] ಸಿಡಿಲ ದೇವ[ರನ್ನು ಕುಡಿಯುತ್ತಾರೆ.]
[ಗಾಯಕರು] ಹಾಡುತ್ತಾ[ರೆ. ಬಟ್ಟಲಿನವನು]
[ಹೊರಗಿನಿಂದ] ಒಂದು ಹುಳಿ ರೊ[ಟ್ಟಿ ತಂದು]
[ರಾಜನಿಗೆ ಕೊ]ಡುತ್ತಾನೆ. ರಾಜ [ಮುರಿಯುತ್ತಾನೆ.]

ಅರ್ಧಕ್ಕಿಂತ ಜಾಸ್ತಿ ನಾನೇ ಬರೆದದ್ದು. ಸುಮ್ನೆ ಊಹೆ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಹರಿದ ಮದುವೆ ಪತ್ರಿಕೆಯಲ್ಲಿ ‘ಸಕುಟುಂಬ ಸಪ’ ಅಂತ ಕಂಡರೆ ಮುಂದಿನದನ್ನು ನೀವೇ ಹೇಳುತ್ತೀರಿ. ಆದರೆ ಹುಡುಗ ಹುಡುಗಿಯ ಹೆಸರಿದ್ದ ಕಡೆಯೇ ಹರಿದುಹೋಗಿದ್ದರೆ? ಮೂರು ಸಾವಿರ ವರ್ಷಕ್ಕೂ ಹಿಂದೆ ಈಗಿನ ಟರ್ಕಿಯಲ್ಲಿ ಆಳಿದ ಹಿಟ್ಟೈಟರ ಹಬ್ಬದ ಹಲಗೆಗಳನ್ನು ಓದುವ ಸುಖವೂ ಕಷ್ಟವೂ ಇದೇ.

ಇವು ಸಿಕ್ಕಿದ್ದು ಟರ್ಕಿಯ ಬೊಗಾಜ್‌ಕಲೆಯಲ್ಲಿ. ಹಿಟ್ಟೈಟರ ರಾಜಧಾನಿ ಹತ್ತುಸ ಇದ್ದ ಜಾಗ ಅದು. 1906ರಲ್ಲಿ ಹ್ಯೂಗೋ ವಿಂಕ್ಲರ್ ಮತ್ತು ಥಿಯೊಡೋರ್ ಮಕ್ರಿಡಿ ಅಗೆಯಲು ಶುರು ಮಾಡಿದರು. ಈವರೆಗೆ ಸುಮಾರು 30,000 ಹಲಗೆ ಮತ್ತು ಚೂರುಗಳು ಬಂದಿವೆ, ಹೆಚ್ಚಿನವು ಚೂರುಗಳೇ. ಹತ್ತುಸ ಅಂದ ಕೂಡಲೇ ನಮ್ಮ ಕಡೆಯವರು ಕೇಳುವುದು ಇಂದ್ರ, ವರುಣ, ಮಿತ್ರ, ನಾಸತ್ಯರ ಹೆಸರಿರುವ, ನೆರೆಯ ಮಿತನ್ನಿ ರಾಜ್ಯದ ಜೊತೆಗಿನ ಒಪ್ಪಂದದ ಬಗ್ಗೆ. ಅದೂ ಅಲ್ಲೇ ಸಿಕ್ಕಿದ್ದು, ನಿಜ. ಆದರೆ ನನ್ನ ಮೇಜಿಗೆ ದಿನಾ ಬರುವುದು ರೊಟ್ಟಿ.

1915ರಲ್ಲಿ ಚೆಕ್ ವಿದ್ವಾಂಸ ಬೆದ್ರಿಖ್ ಹ್ರೋಜ್ನಿ ಹಿಟ್ಟೈಟ್ ಭಾಷೆಯ ಗಂಟು ಬಿಡಿಸಿದ್ದೂ ರೊಟ್ಟಿಯಿಂದಲೇ. ಹಿಟ್ಟೈಟರು ಕೆಲವು ಪದಗಳನ್ನು ಹಳೆಯ ಸುಮೇರಿಯನ್ ಚಿಹ್ನೆಗಳಲ್ಲೇ ಬರೆಯುತ್ತಿದ್ದರು. ರೊಟ್ಟಿಯ ಚಿಹ್ನೆ ಅವರಿಗೆ ಗೊತ್ತಿತ್ತು. ಪಕ್ಕದಲ್ಲಿ ‘ವಾತರ್’ ಅನ್ನೋ ಪದ. ನೀರು! ಸಂಸ್ಕೃತದ ‘ಉದಕ’ಕ್ಕೂ ಅದು ದೂರದ ನೆಂಟ. ‘ರೊಟ್ಟಿ ತಿನ್ನುವಿರಿ, ನೀರು ಕುಡಿಯುವಿರಿ’ ಎಂದು ವಾಕ್ಯ ಕೂಡಿಬಂತು.

ಹಬ್ಬಗಳೋ, ಲೆಕ್ಕವಿಲ್ಲ. ವಸಂತದ ಅನ್-ತಹ್-ಶುಮ್ ಹಬ್ಬ ಸುಮಾರು 38 ದಿನ ನಡೆಯುತ್ತಿತ್ತು. ಅಷ್ಟೂ ದಿನ ರಾಜ ಊರಿಂದ ಊರಿಗೆ, ಗುಡಿಯಿಂದ ಗುಡಿಗೆ. ಶರತ್ಕಾಲದಲ್ಲಿ ಇಂಥದ್ದೇ ಇನ್ನೊಂದು. ಹಲಗೆಯಲ್ಲಿ ಭಕ್ತಿಯ ಮಾತು ಹುಡುಕಿದರೆ ನಿರಾಸೆಯಾಗುತ್ತದೆ. ಇರುವುದೆಲ್ಲ ಯಾರು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಅನ್ನುವುದು. ಅರಮನೆಯ ಆಳುಗಳು ಕೈಗೆ ನೀರು ತರುತ್ತಾರೆ. ರಾಜ, ರಾಣಿ ಕೈ ತೊಳೆಯುತ್ತಾರೆ. ಆಳುಗಳ ಮುಖ್ಯಸ್ಥ ಬಟ್ಟೆ ಕೊಡುತ್ತಾನೆ, ಒರೆಸಿಕೊಳ್ಳುತ್ತಾರೆ. ‘ಕೀತ’ ಎಂಬವನು ಕೂಗುತ್ತಾನೆ. ರಾಜ ರೊಟ್ಟಿ ಮುರಿಯುತ್ತಾನೆ. ಗೆರೆ ಎಳೆದು ಮುಂದಿನ ದೇವರು, ಮತ್ತೆ ಅದೇ. ‘ದೇವರನ್ನು ಕುಡಿಯುವುದು’ ಅಂದರೆ ದೇವರ ಹೆಸರಿನಲ್ಲಿ ಕುಡಿಯುವುದೋ, ದೇವರನ್ನೇ ಒಳಗೆ ತೆಗೆದುಕೊಳ್ಳುವುದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ವ್ಯಾಕರಣ ಮಾತ್ರ ‘ದೇವರನ್ನು’ ಅನ್ನುತ್ತದೆ.

ಇಷ್ಟು ಸಣ್ಣದನ್ನೂ ಬರೆದಿಟ್ಟದ್ದು ದೇವರ ಕೋಪದ ಭಯದಿಂದ. ಎರಡನೇ ಮುರ್ಷಿಲಿಯ ಕಾಲದಲ್ಲಿ ಪಿಡುಗು ಬಂದು 20 ವರ್ಷ ಜನ ಸತ್ತರು. ಕಾರಣ ಹುಡುಕುತ್ತಾ ಹೋದ ರಾಜನಿಗೆ ಹಳೆಯ ಹಲಗೆ ಸಿಕ್ಕಿತು. ಮಾಲಾ ನದಿಗೆ ಕೊಡಬೇಕಿದ್ದ ಪೂಜೆ ಅಪ್ಪನ ಕಾಲದಿಂದ ನಿಂತೇಹೋಗಿತ್ತು! ಗುಡಿಯ ನೌಕರರಿಗೆ ಬರೆದ ಇನ್ನೊಂದು ಹಲಗೆ ನನಗೆ ಬಹಳ ಇಷ್ಟ. ‘ಸುಗ್ಗಿ ಇದೆ, ಮದುವೆ ಮಾತುಕತೆ ಇದೆ, ಪ್ರಯಾಣ ಇದೆ, ಹಬ್ಬ ಆಮೇಲೆ ಮಾಡೋಣ’ ಎಂದು ಯಾರಾದರೂ ಬಂದು ಅಡ್ಡಬಿದ್ದರೂ ಒಪ್ಪಬೇಡಿ ಎಂದು ಅದರಲ್ಲಿದೆ. ಹಾಗೆ ಬರುವವರು ಇದ್ದೇ ಇದ್ದರು ಅಂತಾಯ್ತು.

ಈಗ ನಮ್ಮ ಚೂರಿಗೆ ಬರೋಣ. ಮೊದಲ ಸಾಲಿನಲ್ಲಿ ಒಂದು ಕಡೆ ನಾನು ಬರೀ ಚುಕ್ಕಿ ಇಟ್ಟಿದ್ದೇನೆ. ಅಲ್ಲಿ ‘ಟುಶ್’ ಅಥವಾ ‘ಗುಬ್’ ಇರಬೇಕು. ಮೊದಲನೆಯದು ಕೂತು, ಎರಡನೆಯದು ನಿಂತು. ಎರಡೂ ಸುಮೇರಿಯನ್ ಚಿಹ್ನೆಗಳು. ಯಾವ ದೇವರಿಗೆ ಕೂತು, ಯಾವ ದೇವರಿಗೆ ನಿಂತು ಅನ್ನುವುದು ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತದೆ. ಅದು ಉಳಿದಿದ್ದರೆ ಹಬ್ಬದ ಸುಳಿವು ಸಿಗಬಹುದಿತ್ತು. ಸಿಗದಿದ್ದರೆ ಚೂರು ಹೋಗುವುದು ಸಿಟಿಎಚ್ 670ಕ್ಕೆ. ಎಮಾನ್ಯುಯೆಲ್ ಲಾರೋಶ್ ಮಾಡಿದ ಹಿಟ್ಟೈಟ್ ಬರಹಗಳ ಪಟ್ಟಿಯಲ್ಲಿ (ಸಿಟಿಎಚ್) ‘ಹಬ್ಬದ ಚೂರುಗಳು’ ಅನ್ನುವ ಸಂಖ್ಯೆ ಅದು, ವಿಳಾಸವಿಲ್ಲದ ಕಾಗದಗಳ ಡಬ್ಬಿ. ಅಲ್ಲಿಂದ ಒಂದನ್ನಾದರೂ ಹೊರತೆಗೆದು ಮನೆ ಸೇರಿಸಿದ ದಿನ ನಮಗೆ ಹಬ್ಬ.

ಅದಕ್ಕೆ ಓದಷ್ಟೇ ಸಾಲದು. ಹಲಗೆಯ ಮುಂಭಾಗ ಸಾಮಾನ್ಯವಾಗಿ ಚಪ್ಪಟೆ, ಹಿಂಭಾಗ ಉಬ್ಬು. ಉಬ್ಬು ನೋಡಿ ಚೂರು ಯಾವ ಕಡೆಯದೆಂದು ಹೇಳಬಹುದು. ಅಕ್ಷರಗಳ ಆಕಾರದಿಂದ ಕಾಲ ಗೊತ್ತಾಗುತ್ತದೆ. ಎರಡು ಚೂರುಗಳ ಅಂಚು ಕೂಡಿದರೆ ನಡುವೆ + ಹಾಕುತ್ತೇವೆ. ಒಂದೇ ಹಲಗೆಯವಾದರೂ ಅಂಚು ತಾಗದಿದ್ದರೆ ಆ ಚಿಹ್ನೆಗೆ ಆವರಣ. ಬರ್ಲಿನ್‌ಗೆ ಹೋಗಿದ್ದ ಏಳು ಸಾವಿರಕ್ಕೂ ಹೆಚ್ಚು ಹಲಗೆ, ಚೂರುಗಳು 1987ರಲ್ಲಿ ಟರ್ಕಿಗೆ ವಾಪಸಾದವು. ಈಗ ಜರ್ಮನಿಯ ಮೈನ್ಜ್‌ನ ಹಿಟ್ಟೈಟ್ ಪೋರ್ಟಲ್ ಎಂಬ ಜಾಲತಾಣದಲ್ಲಿ ಫೋಟೋ ಪಕ್ಕ ಫೋಟೋ ಇಟ್ಟು ಜೋಡಿ ಹುಡುಕಬಹುದು.

ಹಿಂದೊಮ್ಮೆ ಇಂಥದ್ದೇ ಜಾಗದಲ್ಲಿ ನಾನು ಧೈರ್ಯವಾಗಿ ‘ಕೂತು’ ಅಂತ ತುಂಬಿದ್ದೆ. ಮೇಲೆ ಕೆಳಗೆ ಎಲ್ಲಾ ಕಡೆ ಕೂತೇ ಕುಡಿದಿದ್ದರು, ಇಲ್ಲೇಕೆ ಏಳುತ್ತಾರೆ? ಮುಂದೆ ಸಹೋದ್ಯೋಗಿಯೊಬ್ಬರು ಉಗುರಿನಷ್ಟು ಚೂರಿನ ಫೋಟೋ ಕಳಿಸಿದರು. ಅಂಚು ಸರಿಯಾಗಿ ಕೂತಿತು. ಚಿಹ್ನೆ ಸ್ಪಷ್ಟವಾಗಿತ್ತು: ಗುಬ್. ರಾಜ ಎದ್ದು ನಿಂತಿದ್ದ. ಯಾವ ಹಬ್ಬಕ್ಕೆ ಅನ್ನುವುದು ಮಾತ್ರ ಆ ಚೂರಿನಲ್ಲೂ ಇರಲಿಲ್ಲ.