ಕಟ್ಟೆ ತುಂಬಿದಾಗ ಹೊಳೆದಂಡೆಗೆ ಸುದ್ದಿ ಮುಟ್ಟುವ ಬಗೆ

ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ನೀರು ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಿತೆಂದರೆ ಮಂಡ್ಯ ಸೀಮೆಗೆ ಹಬ್ಬ. ಶ್ರೀರಂಗಪಟ್ಟಣ ತಾಲ್ಲೂಕಿನ ಎಣ್ಣೆಹೊಳೆಕೊಪ್ಪಲಿನಂಥ ಊರುಗಳಿಗೆ ಅದೇ ಸುದ್ದಿ, ಸಾಮಾನು ಅಟ್ಟಕ್ಕೇರಿಸುವ ಹೊತ್ತು. ಪ್ರತಿ ಮಳೆಗಾಲ ಕೇಳಿಬರುವ ಪ್ರಶ್ನೆ ಒಂದೇ: ಮೊದಲೇ ಯಾಕೆ ಸ್ವಲ್ಪ ಸ್ವಲ್ಪ ಬಿಡಲಿಲ್ಲ?

ಲೆಕ್ಕ ನೋಡಿ. ಒಂದು ಲಕ್ಷ ಕ್ಯುಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ಒಳಹರಿವು ಒಂದು ದಿನ ಬಂದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕೆಆರ್‌ಎಸ್‌ನ ಒಟ್ಟು ಸಾಮರ್ಥ್ಯ 49.45 ಟಿಎಂಸಿ, ಅಂದರೆ ಆರನೇ ಒಂದು ಪಾಲಿಗಿಂತ ಹೆಚ್ಚು ನೀರು ಒಂದೇ ದಿನದಲ್ಲಿ. 19.52 ಟಿಎಂಸಿಯ ಕಬಿನಿ ಅಣೆಕಟ್ಟೆ ಪೂರ್ತಿ ಖಾಲಿಯಿದ್ದರೂ ಎರಡೂಕಾಲು ದಿನಕ್ಕೆ ಭರ್ತಿ. ಇವು ಮುಖ್ಯವಾಗಿ ನೀರಾವರಿಗಾಗಿ ಕಟ್ಟಿದವು, ಪ್ರವಾಹ ತಡೆಯಲಿಕ್ಕಲ್ಲ. ಜುಲೈನಲ್ಲಿ ಜಾಗ ಖಾಲಿ ಬಿಟ್ಟು ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಯ ಗದ್ದೆಗೆ ನೀರಿಲ್ಲ. ಹಾಗಾಗಿ ತುಂಬಿಸುತ್ತಾರೆ. ತುಂಬಿದ ಮೇಲೆ ಕೊಡಗು, ವಯನಾಡಿನಲ್ಲಿ ಸುರಿದದ್ದೆಲ್ಲ ಬಂದಷ್ಟೇ ಹೊರಗೆ.

1924ರ ಮಹಾಪೂರ ಬಂದಾಗ ಕಟ್ಟೆಯ ಕೆಲಸ ಇನ್ನೂ ನಡೆಯುತ್ತಿತ್ತು. ಅಲ್ಲಿಂದ ಎಂಟು ದಶಕ ತಮಟೆ, ಗಂಜಿ ಕೇಂದ್ರ, ಪರಿಹಾರದ ಚೆಕ್ಕು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಪ್ರಾಧಿಕಾರ ತಂದಿತು. ಗಂಜಿ ಕೇಂದ್ರಕ್ಕೆ ಕಾಳಜಿ ಕೇಂದ್ರ ಎಂಬ ಹೆಸರೂ ಬಂತು.

ಕಣ್ಣು ತೆರೆಸಿದ್ದು 2018 ಮತ್ತು 2019. ಎರಡೂ ವರ್ಷ ಕಬಿನಿ ಉಕ್ಕಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆ ಮುಳುಗಿತು. ಎರಡು ಅಣೆಕಟ್ಟೆಗಳಿಂದ ಒಟ್ಟಿಗೆ ನೀರು ಬಿಟ್ಟಾಗ ಇನ್ನೊಂದು ತೊಡಕಿದೆ. ತಿ. ನರಸೀಪುರದ ಸಂಗಮದಲ್ಲಿ ಕಾವೇರಿ ಎತ್ತರಕ್ಕೆ ನಿಂತರೆ ಕಬಿನಿಯ ನೀರು ಮುಂದೆ ಸಾಗದೆ ಹಿಂದಕ್ಕೆ ಒತ್ತುತ್ತದೆ. ಒಂದೊಂದೇ ಅಣೆಕಟ್ಟೆಯ ಅಂಕಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಇನ್ನು ಎಚ್ಚರಿಕೆಯ ದಾರಿ. ಅಣೆಕಟ್ಟೆಯ ಎಂಜಿನಿಯರ್, ಜಿಲ್ಲಾ ನಿಯಂತ್ರಣ ಕೊಠಡಿ, ತಹಶೀಲ್ದಾರ್, ಗ್ರಾಮ ಆಡಳಿತಾಧಿಕಾರಿ, ಕೊನೆಗೆ ಆಟೊದ ಮೈಕು. ಒಂದೊಂದು ಮೆಟ್ಟಿಲಲ್ಲಿ ಅರ್ಧ ಗಂಟೆ ಸೋರಿದರೂ ಎರಡು ಗಂಟೆ ಹೋಯಿತು. ಕಟ್ಟೆಯಿಂದ ಶ್ರೀರಂಗಪಟ್ಟಣಕ್ಕೆ ನೀರು ಬರಲು ಬೇಕಾಗುವುದೇ ಕೆಲವು ತಾಸು. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಒಮ್ಮೆಲೇ ಕಿರುಚಿದವಲ್ಲ, ಆ ತುರ್ತು ಎಚ್ಚರಿಕೆ ಪ್ರಯೋಗದ ತಂತ್ರಜ್ಞಾನ ಈ ಮೆಟ್ಟಿಲುಗಳನ್ನು ಹಾರಬಲ್ಲದು. ಸಂದೇಶದ ಒಕ್ಕಣೆಯನ್ನು ಮಾತ್ರ ಅದು ತಿದ್ದಲಾರದು. ಮೂವತ್ತು ಸಾವಿರ ಕ್ಯುಸೆಕ್ಕಿಗೂ ಲಕ್ಷಕ್ಕೂ ಅದೇ ಸಾಲು: "ನದಿ ಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ ತೆರಳಬೇಕು." ನಾಲ್ಕು ಸಲ ಕೇಳಿ ಏನೂ ಆಗದಿದ್ದರೆ ಐದನೆಯ ಸಲ ಯಾರೂ ಏಳುವುದಿಲ್ಲ. ದಂಡೆಯವರಿಗೆ ಕ್ಯುಸೆಕ್ ಬೇಡ. ಸೋಪಾನಕಟ್ಟೆಯ ಎಷ್ಟನೇ ಮೆಟ್ಟಿಲು, ಎಷ್ಟು ಗಂಟೆಗೆ ಅನ್ನುವುದು ಬೇಕು. ಊರಿನ ವಿದ್ಯುತ್ ಕಂಬಕ್ಕೆ ಹಳದಿ, ಕೆಂಪು ಪಟ್ಟೆ ಬಳಿದು, ಸಂದೇಶದಲ್ಲಿ ಆ ಬಣ್ಣ ಹೇಳಿದರೂ ಸಾಕು.

ಜನ ಜಾಗ ಬಿಡದಿರುವುದಕ್ಕೆ ಹಟ ಅನ್ನುವವರಿದ್ದಾರೆ. ದನ ಎಲ್ಲಿ ಕಟ್ಟಬೇಕು ಅನ್ನುವುದಕ್ಕೆ ಉತ್ತರವಿಲ್ಲದಿದ್ದರೆ ಅವರು ಮಾಡುವುದಾದರೂ ಇನ್ನೇನು? ಕಾಳಜಿ ಕೇಂದ್ರ ಸಾಮಾನ್ಯವಾಗಿ ಶಾಲೆ ಅಥವಾ ಸಮುದಾಯ ಭವನ; ಮೇವಿಗೂ ಗೂಟಕ್ಕೂ ಜಾಗವಿರುವುದಿಲ್ಲ. ಇನ್ನು ಹೊಳೆಯಂಚಿನ ಪಂಪ್‌ಸೆಟ್. ಮೋಟಾರು ಬಿಚ್ಚಿ, ಸ್ಟಾರ್ಟರು, ಕೇಬಲ್ ಸಮೇತ ಮೇಲಕ್ಕೆ ತರಲು ಮೂರ್ನಾಲ್ಕು ಆಳು, ಟ್ರ್ಯಾಕ್ಟರು, ಹಗಲ ಬೆಳಕು ಬೇಕು. ರಾತ್ರಿ ಹತ್ತಕ್ಕೆ ಬರುವ ಸಂದೇಶ ರೈತನನ್ನು ಹೊಳೆಯಿಂದ ದೂರ ಕಳಿಸುವುದಿಲ್ಲ, ಹೊಳೆಗೇ ಇಳಿಸುತ್ತದೆ.

ವರ್ಷದ ಕೊನೆಗೆ ವರದಿಯಲ್ಲಿ ಬರುವುದು ದೋಣಿ ಎಷ್ಟು, ಲೈಫ್ ಜಾಕೆಟ್ ಎಷ್ಟು, ಅಣಕು ಕಾರ್ಯಾಚರಣೆ ಎಷ್ಟು, ಹಂಚಿದ ಹಣವೆಷ್ಟು. ಅಣಕು ಕಾರ್ಯಾಚರಣೆ ಮೊದಲೇ ತಿಳಿಸಿದ ದಿನ, ಹಾಡಹಗಲಲ್ಲಿ. ಗೇಟು ಎತ್ತಿದ ಗಂಟೆ, ಕೊನೆಯ ಕೊಪ್ಪಲಿಗೆ ಸುದ್ದಿ ಮುಟ್ಟಿದ ಗಂಟೆ, ಕೊನೆಯ ದನ ಹೊರಬಿದ್ದ ಗಂಟೆ: ಈ ಮೂರು ಕಾಲಂ ಇದ್ದರೆ ಹೋದ ವರ್ಷಕ್ಕಿಂತ ಈ ವರ್ಷ ಸುಧಾರಿಸಿದೆಯೇ ಎಂದು ಹತ್ತು ನಿಮಿಷದಲ್ಲಿ ಹೇಳಬಹುದು.

ಪರಿಹಾರದ ಪಟ್ಟಿಯಲ್ಲೂ ಸಮಯದ್ದೇ ಆಟ. 2019ರಲ್ಲಿ ಶೇ 75ಕ್ಕಿಂತ ಹೆಚ್ಚು ಹಾನಿಯಾದ ಮನೆ 'ಎ' ವರ್ಗ, ಐದು ಲಕ್ಷ ರೂಪಾಯಿ. ಶೇ 15ರಿಂದ 25 ಆದರೆ 'ಸಿ', ಐವತ್ತು ಸಾವಿರ. ಆದರೆ ಮಣ್ಣಿನ ಗೋಡೆ ನೆನೆದಾಗಲೇ ಬೀಳಬೇಕೆಂದಿಲ್ಲ. ನೀರಿಳಿದು ಬಿಸಿಲು ಕಾದ ಮೇಲೆ ಬುಡ ಬಿರಿದು, ವಾರ ಹತ್ತು ದಿನಕ್ಕೆ ಕುಸಿಯುತ್ತದೆ. ಅಷ್ಟರಲ್ಲಿ ಸಮೀಕ್ಷೆಯವರು ನಿಂತ ಗೋಡೆಯ ಫೋಟೊ ತೆಗೆದು, 'ಸಿ' ಎಂದು ಬರೆದುಕೊಂಡು ಹೋಗಿರುತ್ತಾರೆ.