ಬೆಳೆಯುವ ಮಗುವಿಗೆ ಒಂದಳತೆ ದೊಡ್ಡ ಸೈಕಲ್ ಕೊಡಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಮುಂದಿನ ಮೂರು ವರ್ಷಕ್ಕೂ ಬರಲಿ ಎಂದು ಈಗಲೇ 24 ಇಂಚಿನ ಸೈಕಲ್ ಕೊಡಿಸಿದರೆ ತಪ್ಪೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಂಗಿಯನ್ನು ಒಂದಳತೆ ದೊಡ್ಡದು ಹೊಲಿಸಿದರೆ ತೋಳು ಮಡಚಿ ತೊಡಿಸಬಹುದು, ಸೈಕಲ್ಲಿಗೆ ಆ ಅನುಕೂಲವಿಲ್ಲ. ನಾವು ಅಪ್ಪನ ಸೈಕಲ್ಲಿನ ಅಡ್ಡದಂಡದ ಕೆಳಗೆ ಕಾಲು ತೂರಿಸಿ ಕಲಿತವರು ನಿಜ, ಆದರೆ ಅಂದಿನ ರಸ್ತೆಗಳಲ್ಲಿ ಇಷ್ಟು ವಾಹನಗಳಿರಲಿಲ್ಲ.

24 ಇಂಚು ಎನ್ನುವುದು ಗಾಲಿಯ ಅಳತೆಯೇ ಹೊರತು ಸೈಕಲ್ಲಿನ ಎತ್ತರವಲ್ಲ. ಆದ್ದರಿಂದ ವಯಸ್ಸನ್ನು ಬಿಟ್ಟು ಕಾಲಿನ ಉದ್ದವನ್ನು ನೋಡಬೇಕು. ಮಗಳನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ತಾಗುವಂತೆ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪಿನಿಂದ ಅಳೆಯಿರಿ. ಅಡ್ಡದಂಡವು ಈ ಅಳತೆಗಿಂತ ಕನಿಷ್ಠ ಎರಡು ಇಂಚು ಕೆಳಗಿರಬೇಕು. ಆಗ ಥಟ್ಟನೆ ನಿಲ್ಲಬೇಕಾದಾಗ ಎರಡೂ ಪಾದಗಳು ನೆಲಕ್ಕೆ ಊರುತ್ತವೆ. ಎಂಟರ ಮಕ್ಕಳಲ್ಲಿ ಹೆಚ್ಚಿನವರಿಗೆ 20 ಇಂಚಿನದೇ ಸರಿಹೋಗುತ್ತದೆ.

ಧಾರವಾಡದಂತಹ ಏರಿಳಿತದ ಊರಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಬ್ರೇಕನ್ನು. ಅಂಗಡಿಯಲ್ಲೇ ಮಗಳನ್ನು ಕೂರಿಸಿ, ಹ್ಯಾಂಡಲ್ ಹಿಡಿದ ಅಂಗೈಯನ್ನು ಸಡಿಲಿಸದೆ ಎರಡು ಬೆರಳುಗಳಿಂದ ಬ್ರೇಕ್ ಒತ್ತಲು ಹೇಳಿ. ಬೆರಳ ತುದಿ ಮಾತ್ರ ತಾಗುತ್ತಿದ್ದರೆ ಇಳಿಜಾರಿನಲ್ಲಿ ಅದು ಕೆಲಸಕ್ಕೆ ಬಾರದು. ಹಲವು ಬ್ರೇಕ್ ಹಿಡಿಗಳಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ತಿರುಗಿಸಿ ಹಿಡಿಯನ್ನು ಬೆರಳಿಗೆ ಹತ್ತಿರ ತರಿಸಿಕೊಳ್ಳಬಹುದು.

ಮಕ್ಕಳ ಕಣ್ಣು ಸ್ಪ್ರಿಂಗ್ ಇರುವ ದಪ್ಪ ಸೈಕಲ್ಲಿನ ಮೇಲೆಯೇ ಹೋಗುತ್ತದೆ. ಅಗ್ಗದ ಸ್ಪ್ರಿಂಗು ಕುಲುಕಾಟವನ್ನು ತಗ್ಗಿಸುವುದಕ್ಕಿಂತ ಭಾರವನ್ನು ಹೆಚ್ಚಿಸುವುದೇ ಜಾಸ್ತಿ, ಆ ಭಾರವನ್ನು ದಿಬ್ಬದ ಮೇಲೆ ತಳ್ಳಬೇಕಾದದ್ದು ಮಗುವೇ. ನವಲಗುಂದ, ಗದಗ ಕಡೆಯ ಎರೆಮಣ್ಣಿನ ದಾರಿಯಲ್ಲಿ ಓಡಿಸುವುದಾದರೆ ಮಡ್‌ಗಾರ್ಡಿಗೂ ಟಯರಿಗೂ ನಡುವೆ ಎರಡು ಬೆರಳಿನಷ್ಟು ಸಂದು ಇರುವುದನ್ನು ಆರಿಸಿ. ಮಳೆಗಾಲದಲ್ಲಿ ಅಂಟುಮಣ್ಣು ಅಲ್ಲಿ ತುಂಬಿಕೊಂಡರೆ ಗಾಲಿಯೇ ತಿರುಗುವುದಿಲ್ಲ.

ಬೆಳವಣಿಗೆಗೆ ಬೇಕಾದ ಅವಕಾಶವನ್ನು ಸೀಟಿನ ಕೆಳಗಿನ ಕೊಳವೆಯಲ್ಲಿ ಹುಡುಕಬೇಕು. ಇಂದು ಸೀಟನ್ನು ತಗ್ಗಿಸಿದಾಗ ಮಗಳ ಪಾದ ನೆಲಕ್ಕೆ ತಾಗಬೇಕು, ಮುಂದೆ ಎತ್ತರಿಸಲು ಕೊಳವೆಯಲ್ಲಿ ಇನ್ನಷ್ಟು ಉದ್ದ ಉಳಿದಿರಬೇಕು. ಕೊಳವೆಯ ಮೇಲೆ ಕೊರೆದಿರುವ ಮಿತಿಯ ಗೆರೆಯು ಹೊರಗೆ ಕಾಣತೊಡಗಿದರೆ ಸೀಟು ಮುರಿದು ಬೀಳುವ ಅಪಾಯವಿದೆ. 24 ಇಂಚಿನದನ್ನು ಕೊಳ್ಳುವ ಕಾಲ ಆಗ ಬಂದಿರುತ್ತದೆ.