ಬಿಸಿಯಾದಾಗ ಮಾತ್ರ ಚಾಲೂ ಆಗದ ಹಳೇ ಸ್ಪೋರ್ಟ್ಸ್ ಕಾರು

ಬೆಳಿಗ್ಗೆ ಬೆಳಗಾವಿಯಲ್ಲಿ ಒಂದೇ ಸೆಲ್ಫಿಗೆ ಎದ್ದ ಗಾಡಿ, ಮಧ್ಯಾಹ್ನ ವಿಜಯಪುರದಲ್ಲಿ ಗೋಳಗುಮ್ಮಟದ ಎದುರು ನಿಲ್ಲಿಸಿ ಚಹಾ ಕುಡಿದು ಬರುವಷ್ಟರಲ್ಲಿ ಮೊಂಡು ಹಿಡಿಯುತ್ತದೆ. ಎರಡು ತಾಸು ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ. ಎಪ್ಪತ್ತು-ಎಂಬತ್ತರ ದಶಕದ ಇಂಜೆಕ್ಷನ್ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಮಾಮೂಲಿ ದೂರು. ಟೋ ಮಾಡಿ ಗ್ಯಾರೇಜಿಗೆ ತರುವ ಹೊತ್ತಿಗೆ ಎಂಜಿನ್ ಆರಿರುತ್ತದೆ, ದೋಷವೂ ಮಾಯ. ಆಮೇಲೆ ಅಂದಾಜಿನ ಮೇಲೆ ಪ್ಲಗ್, ಕಾಯಿಲ್, ಪಂಪ್ ಬದಲಿಸುತ್ತ ಹೋಗುತ್ತಾರೆ. ಈ ದೋಷವನ್ನು ಬಿಸಿಯಿದ್ದಾಗಲೇ ಹಿಡಿಯಬೇಕು. ವೋಲ್ಟ್ ಅಳೆಯುವ ಮೀಟರು, ಪೆಟ್ರೋಲ್ ಒತ್ತಡ ತೋರಿಸುವ ಗೇಜು ಮೊದಲೇ ಜೋಡಿಸಿಕೊಂಡು, ಗಾಡಿ ಓಡಿಸಿ ಬಂದು, ಬಾನೆಟ್ ಮುಚ್ಚಿ ಹದಿನೈದು ನಿಮಿಷ ನಿಲ್ಲಿಸಿ.

ಹದಿನೈದೇ ಯಾಕೆ? ಎಂಜಿನ್ ಬಂದ್ ಆದೊಡನೆ ನೀರಿನ ಪಂಪೂ ನಿಲ್ಲುತ್ತದೆ, ಎದುರುಗಾಳಿಯೂ ಇಲ್ಲ. ಬ್ಲಾಕು, ಎಕ್ಸಾಸ್ಟ್‌ನ ಕಾವೆಲ್ಲ ಮೇಲೇರಿ ಬಾನೆಟ್ ಒಳಗಿನ ಉಷ್ಣತೆ ಓಡುವಾಗ ಇದ್ದದ್ದಕ್ಕಿಂತ ಹೆಚ್ಚುತ್ತದೆ. ಹತ್ತರಿಂದ ಇಪ್ಪತ್ತು ನಿಮಿಷದ ನಡುವೆ ಅದು ತುತ್ತತುದಿಯಲ್ಲಿರುತ್ತದೆ. ಬಂದ್ ಮಾಡಿದ ತಕ್ಷಣ ಮತ್ತೆ ಚಾಲೂ ಆಗಿ, ಕಾಲು ತಾಸಿನ ಮೇಲೆ ಆಗದಿದ್ದರೆ ಕಾರಣ ಈ ಕಾವೇ.

ಈಗ ಸೆಲ್ಫ್ ಹೊಡೆದು ಕಿವಿಗೊಡಿ. ಬರೀ ಟಕ್ ಎಂದರೆ ಅಥವಾ ಎಂಜಿನ್ ನಿಧಾನ ತಿರುಗಿದರೆ ಪೆಟ್ರೋಲಿನ ಮಾತೇ ಬೇಡ, ಅದು ಕರೆಂಟಿನ ಲೆಕ್ಕ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಅಷ್ಟಿದ್ದೂ ಟಕ್ ಎನ್ನುತ್ತಿದ್ದರೆ ಸಾಲಿನಾಯ್ಡಿನ (ಸೆಲ್ಫ್ ಮೋಟರಿಗೆ ಕರೆಂಟ್ ಹಾಯಿಸುವ ಸ್ವಿಚ್ಚು) ಸಣ್ಣ ವಯರಿನಲ್ಲಿ ವೋಲ್ಟೇಜ್ ಅಳೆಯಿರಿ. ತಾಮ್ರ 60 ಡಿಗ್ರಿ ಹೆಚ್ಚು ಕಾದರೆ ಅದರ ರೋಧ ಸುಮಾರು ಕಾಲುಭಾಗ ಏರುತ್ತದೆ. ನಲವತ್ತು ವರ್ಷದ ಇಗ್ನಿಷನ್ ಸ್ವಿಚ್ಚು, ಕಂದಿದ ಕನೆಕ್ಟರು ಸೇರಿದರೆ ಸಾಲಿನಾಯ್ಡಿಗೆ ಎಂಟು ವೋಲ್ಟೂ ತಲುಪುವುದಿಲ್ಲ. ಅಲ್ಲೊಂದು 30 ಆಂಪಿಯರ್ ರಿಲೇ ಹಾಕಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಲೈನ್ ಕೊಟ್ಟರೆ ಕೆಲಸ ಮುಗಿಯಿತು. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನೂ ನೋಡಿ: ಸೆಲ್ಫ್ ಹೊಡೆಯುವಾಗ ಅದರ ಎರಡು ತುದಿಗಳ ನಡುವೆ 0.2 ವೋಲ್ಟಿಗಿಂತ ಹೆಚ್ಚು ಬಿದ್ದರೆ ಬಿಚ್ಚಿ, ಉಜ್ಜಿ, ಮತ್ತೆ ಕೂಡಿಸಿ.

ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಮುಂದಿನ ಪ್ರಶ್ನೆ ಕಿಡಿ. ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿ. ಕಿಡಿ ಇಲ್ಲದಿದ್ದರೆ ಅನುಮಾನ ಮೂರರ ಮೇಲೆ: ಕಾಯಿಲ್, ಇಗ್ನಿಷನ್ ಮಾಡ್ಯೂಲ್, ಫ್ಲೈವೀಲ್ ಬಳಿಯ ಸೆನ್ಸರ್. ಸೆನ್ಸರಿನೊಳಗಿನ ಕೂದಲೆಳೆಯಂಥ ತಂತಿ ಕಾದು ಹಿಗ್ಗಿದಾಗ ತುಂಡಾಗಿ, ಆರಿದಾಗ ಕೂಡಿಕೊಳ್ಳುತ್ತದೆ. ಹೀಗಾಗಿ ತಣ್ಣಗಿದ್ದಾಗ ಓಮ್ ಅಳೆದು ‘ಸರಿಯಿದೆ’ ಎಂದರೆ ಅದಕ್ಕೆ ಬೆಲೆ ಇಲ್ಲ. ಸಂಶಯವಿದ್ದ ಒಂದೇ ಭಾಗದ ಮೇಲೆ ಒದ್ದೆ ಬಟ್ಟೆ ಇಟ್ಟು ಐದು ನಿಮಿಷ ಕಾಯಿರಿ. ಚಾಲೂ ಆದರೆ ಕಳ್ಳ ಸಿಕ್ಕ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಮಾತ್ರ ನೀರು ಬೀಳಬಾರದು, ಬಿರುಕು ಬಿಟ್ಟೀತು.

ಪೋರ್ಷೆ 944ರಲ್ಲಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಮಿಡುಕಬೇಕು. ಸತ್ತಂತೆ ಬಿದ್ದಿದ್ದರೆ ಮೊದಲು ಸ್ಪೀಡ್ ಸೆನ್ಸರ್ ನೋಡಿ. ಅದಕ್ಕೂ ಫ್ಲೈವೀಲಿಗೂ ಅಂತರ 0.8 ಮಿ.ಮೀ. ಇದೇ ಕಾರಿನ ಡಿಎಂಇ ರಿಲೇ ಎಂಜಿನ್ ನಡೆಸುವ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಒಟ್ಟಿಗೆ ಕರೆಂಟ್ ಕೊಡುತ್ತದೆ. ಅದರ ಬೆಸುಗೆಯಲ್ಲಿ ಉಂಗುರದಂಥ ಸಣ್ಣ ಬಿರುಕು ಬಿದ್ದು, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಸಂಪರ್ಕ ಬಿಡುತ್ತದೆ. ಮುಚ್ಚಳ ತೆಗೆದು ಮರುಬೆಸುಗೆ ಮಾಡಬಹುದು. ಆದರೂ ಹೊಸದೊಂದನ್ನು ಗ್ಲವ್ ಬಾಕ್ಸಿನಲ್ಲಿ ಇಟ್ಟುಕೊಂಡಿರಿ.

ಕಿಡಿ ಇದ್ದರೆ ಉಳಿದದ್ದು ಪೆಟ್ರೋಲು. ಹೆಚ್ಚು ಹೊತ್ತು ಹಿಡಿಯುವ ಕೆಲಸ ಇದೇ, ಅದರಲ್ಲೂ ಬಾಷ್ ಕೆ-ಜೆಟ್ರಾನಿಕ್ ಎಂಬ ಮೆಕ್ಯಾನಿಕಲ್ ಇಂಜೆಕ್ಷನ್ ಇರುವ ಗಾಡಿಗಳಲ್ಲಿ. ಕುಕ್ಕರಿನ ಸೀಟಿ ಎತ್ತಿದರೆ ಒಳಗಿನ ನೀರು ಭುಗಿಲ್ಲನೆ ಕುದಿಯುವುದಿಲ್ಲವೇ? ಇಲ್ಲೂ ಅದೇ. ಸುಮಾರು ಐದು ಬಾರ್ ಒತ್ತಡದಲ್ಲಿ ಪೆಟ್ರೋಲು ಬಾನೆಟ್ ಕಾವಿಗೆ ಕುದಿಯದು. ಎಂಜಿನ್ ನಿಂತ ಮೇಲೆ ಒತ್ತಡ ಸೋರಿಹೋದರೆ ಪೈಪಿನಲ್ಲೇ ಆವಿಯಾಗುತ್ತದೆ. ಪದ್ಮಿನಿ, ಅಂಬಾಸಡರ್ ಕಾಲದಲ್ಲಿ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರಲ್ಲ, ಆ ಉಪಾಯ ಇಲ್ಲಿ ನಡೆಯದು. ಇಲ್ಲಿ ಪಂಪು ಎಂಜಿನ್ ಬಳಿ ಇರುವುದೇ ಇಲ್ಲ.

ಗೇಜ್ ಕೂಡಿಸಿ ಎಂಜಿನ್ ಬಂದ್ ಮಾಡಿ, ಮುಳ್ಳನ್ನು ನೋಡುತ್ತಿರಿ. ಮೊದಲು ಒಂದಿಷ್ಟು ಇಳಿದು ಅಲ್ಲೇ ನಿಲ್ಲಬೇಕು. ಇಪ್ಪತ್ತು ನಿಮಿಷದ ಮೇಲೂ ಒತ್ತಡ 1 ಬಾರ್‌ಗಿಂತ ಹೆಚ್ಚಿರಬೇಕು (ಆಯಾ ಮಾಡೆಲಿನ ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತದೆ). ಬಂದ್ ಮಾಡಿದೊಡನೆ ಸೊನ್ನೆಗೆ ಬಿದ್ದರೆ ಪಂಪಿನ ಬಾಯಲ್ಲಿ ಪೆಟ್ರೋಲು ಹಿಂದೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಹೋಗಿದೆ. ಇದು ಅಗ್ಗದ ಭಾಗ, ಪಂಪ್ ಬದಲಿಸಬೇಕಿಲ್ಲ. ನಿಧಾನಕ್ಕೆ ಇಳಿದರೆ, ಒತ್ತಡ ಹಿಡಿದಿಡುವ ಡಬ್ಬಿಯಾದ ಅಕ್ಯುಮ್ಯುಲೇಟರಿನ ರಿಟರ್ನ್ ಪೈಪು ಬಿಚ್ಚಿ ಪಂಪ್ ಓಡಿಸಿ. ಅಲ್ಲಿಂದ ಪೆಟ್ರೋಲ್ ಬಂದರೆ ಒಳಗಿನ ಡಯಾಫ್ರಾಮ್ ಹರಿದಿದೆ. ಎರಡೂ ಸರಿಯಿದ್ದರೆ ಪ್ರೆಷರ್ ರೆಗ್ಯುಲೇಟರಿನ ಓ-ರಿಂಗು, ಆಮೇಲೆ ಇಂಜೆಕ್ಟರುಗಳು. ಗೇಜ್ ಇಲ್ಲದವರಿಗೂ ಒಂದು ದಾರಿಯಿದೆ: ಪಂಪ್ ರಿಲೇ ತೆಗೆದು ಅಲ್ಲಿ ಫ್ಯೂಸ್ ಇರುವ ಜಂಪರ್ ಹಾಕಿ, ಹತ್ತು ಸೆಕೆಂಡ್ ಪಂಪ್ ಓಡಿಸಿ, ಜಂಪರ್ ತೆಗೆದು ರಿಲೇ ಹಾಕಿ ಸೆಲ್ಫ್ ಹೊಡೆಯಿರಿ. ಆಗ ಪಟ್ಟನೆ ಎದ್ದರೆ ಒತ್ತಡ ಸೋರುತ್ತಿದೆ ಎಂದೇ ಅರ್ಥ.

ಕೆಲವೊಮ್ಮೆ ಇದಕ್ಕೆ ಪೂರಾ ಉಲ್ಟಾ. ಪೆಟ್ರೋಲು ಹೆಚ್ಚಾಗಿ ಪ್ಲಗ್ ತೊಯ್ದಿರುತ್ತದೆ, ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದರೆ ಕಪ್ಪು ಹೊಗೆ ಬಿಟ್ಟು ಏಳುತ್ತದೆ. ಹಾಗಾದರೆ ತಣ್ಣಗಿನ ಎಂಜಿನ್ ಏಳಲು ಹೆಚ್ಚುವರಿ ಪೆಟ್ರೋಲ್ ಬಿಡುವ ಕೋಲ್ಡ್ ಸ್ಟಾರ್ಟ್ ವಾಲ್ವ್ ಬಿಚ್ಚಿ, ಒತ್ತಡ ಕೊಟ್ಟು, ತುದಿ ತೊಟ್ಟಿಕ್ಕುತ್ತದೆಯೇ ನೋಡಿ. ಕಂಪ್ಯೂಟರ್ ಇರುವ ಗಾಡಿಯಾದರೆ ನೀರಿನ ಟೆಂಪರೇಚರ್ ಸೆನ್ಸರನ್ನೂ ಅಳೆಯಿರಿ: 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು, 80ರಲ್ಲಿ ಸುಮಾರು 300. ಅದರ ವಯರು ಕಡಿದಿದ್ದರೆ ಕಂಪ್ಯೂಟರು ಎಂಜಿನ್ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಪೈಪುಗಳ ಬಗ್ಗೆ ಒಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲು. ಆ ಕಾಲದ ರಬ್ಬರು ಎಥನಾಲಿಗೆ ಉಬ್ಬಿ ಒಳಗಿನಿಂದ ಸುಲಿಯುತ್ತದೆ. ಬೆಳಗಾವಿಯ ಉದ್ಯಮಬಾಗದ ಹೈಡ್ರಾಲಿಕ್ ಅಂಗಡಿಯಲ್ಲಿ ಪೈಪನ್ನು ಅಂದವಾಗಿ ಕ್ರಿಂಪ್ ಮಾಡಿಕೊಡುತ್ತಾರೆ, ಆದರೆ ಆಯಿಲಿಗೆಂದು ಮಾಡಿದ ಪೈಪು ಎಥನಾಲ್ ಬೆರೆತ ಪೆಟ್ರೋಲಿಗೆ ಒಗ್ಗದು. ಒಳಪದರ ಪಿಟಿಎಫ್‌ಇ (ಟೆಫ್ಲಾನ್) ಆಗಿರಲಿ ಎಂದು ಕೇಳಿ ಪಡೆಯಿರಿ.

ಯಾವುದೇ ಪೆಟ್ರೋಲ್ ಲೈನ್ ಬಿಚ್ಚುವ ಮುನ್ನ ಬ್ಯಾಟರಿ ಕಳಚಿ, ಜೋಡಣೆಗೆ ದಪ್ಪ ಬಟ್ಟೆ ಸುತ್ತಿ ಮೆಲ್ಲಗೆ ಸಡಿಲಿಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ರಿಪೇರಿ ಮುಗಿದ ಮೇಲಿನ ಪರೀಕ್ಷೆಯನ್ನು ಬೆಳಗಿನ ತಂಪಿನಲ್ಲಿ ಮಾಡಬೇಡಿ. ಮಧ್ಯಾಹ್ನ ಎರಡಕ್ಕೆ ಗೇಜ್ ಬಿಚ್ಚದೆಯೇ ಅರ್ಧ ತಾಸು ಓಡಿಸಿ, ಬಾನೆಟ್ ಮುಚ್ಚಿ ಇಪ್ಪತ್ತು ನಿಮಿಷ ನಿಲ್ಲಿಸಿ, ಮುಳ್ಳು ಎಲ್ಲಿ ನಿಂತಿದೆ ನೋಡಿ. ಸೆಲ್ಫ್ ಹೊಡೆಯುವುದು ಅದಾದ ಮೇಲೆ.